ಒಂಬತ್ತನೇ ದಿನ

ನಮ್ಮದು ಚಿಕ್ಕಮಗಳೂರು ಜಿಲ್ಲೆ ಎಂದರೆ ಕೇಳಿದವರು ಕಾಫಿ ತೋಟ, ಮಂಜು, ಮುಳ್ಳಯ್ಯನಗಿರಿ ನೆನೆಸಿಕೊಳ್ಳುತ್ತಾರೆ. ಮ್ಯೂನಿಕ್‌ನಲ್ಲಿ ಸಿಗುವ ಕನ್ನಡದವರೂ ಅಷ್ಟೇ. ಪಂಚನಹಳ್ಳಿ ಆ ಚಿತ್ರದೊಳಗೆ ಎಲ್ಲಿಯೂ ಇಲ್ಲ. ಕಡೂರು ತಾಲ್ಲೂಕಿನ ಮೂಡಣ ಅಂಚಿಗೆ, ಹಾಸನ ಮತ್ತು ತುಮಕೂರು ಜಿಲ್ಲೆಗಳ ಮಗ್ಗುಲಿಗೆ ಇರುವ ಅಪ್ಪಟ ಬಯಲುಸೀಮೆ ಹೋಬಳಿ ಅದು. ತೆಂಗು, ರಾಗಿ, ಹುರುಳಿ, ಕೊಳವೆಬಾವಿ. ಆಸ್ಪತ್ರೆ, ಜವಳಿ, ಕೊಬ್ಬರಿ ಮಾರಾಟ ಅಂತ ನಮ್ಮ ಜನ ಬಸ್ಸು ಹತ್ತುವುದು ಅರಸೀಕೆರೆಗೆ, ತಿಪಟೂರಿಗೆ, ಹುಳಿಯಾರಿಗೆ. ಜಿಲ್ಲಾ ಕೇಂದ್ರದ ಮುಖ ನೋಡುವುದು ಕೋರ್ಟು ಕಚೇರಿ ಕೆಲಸ ಬಿದ್ದಾಗ ಮಾತ್ರ.

2023ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬರ ಬಿದ್ದಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ ಅದು. ಅದಕ್ಕೂ ಒಂದೇ ವರ್ಷ ಮುಂಚೆ, 2022ರ ಸೆಪ್ಟೆಂಬರಿನಲ್ಲಿ, ಕಡೂರು ಸೀಮೆಯಿಂದ ಹರಿದುಹೋಗುವ ವೇದಾವತಿ ತುಂಬಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿದ್ದಿತ್ತು. ಅದೇ ಸೀಮೆಯ ಹೊಲಗಳಲ್ಲಿ ಈಗ ರಾಗಿ ಮೊಣಕಾಲುದ್ದಕ್ಕೆ ನಿಂತು ತೆನೆ ಕಟ್ಟದೆ ಒಣಗಿತ್ತು. ಕೊಯ್ದ ಕೂಲಿಯೂ ಹುಟ್ಟುವುದಿಲ್ಲ ಅಂತ ಕೆಲವರು ಹೊಲಕ್ಕೆ ದನ ಬಿಟ್ಟಿದ್ದರು. ಡಿಸೆಂಬರ್ ಅಂದರೆ ನಮ್ಮಲ್ಲಿ ಕಣದ ಕಾಲ. ಆ ಸಲ ಯಾರೂ ಕಣ ಮಾಡಿರಲಿಲ್ಲ.

ಮ್ಯೂನಿಕ್‌ನಲ್ಲಿ ನಾನು ಬಿಟ್ಟು ಬಂದದ್ದು ಹಿಮವನ್ನು. ಡಿಸೆಂಬರ್ 2ರಂದು ಅಲ್ಲಿ ಎಷ್ಟು ಹಿಮ ಬಿತ್ತೆಂದರೆ ವಿಮಾನ ನಿಲ್ದಾಣವನ್ನೇ ಮುಚ್ಚಿದರು. ಅವತ್ತು ಹೊರಡಬೇಕಿದ್ದ ನನ್ನ ಸಹೋದ್ಯೋಗಿಯೊಬ್ಬರಿಗೆ ವಿಮಾನ ಕಂಪನಿಯೇ ಬೇರೆ ದಿನದ ಸೀಟು ಕೊಟ್ಟಿತು, ಒಂದು ಪೈಸೆ ಹೆಚ್ಚಿಗೆ ಕೇಳಲಿಲ್ಲ. ಯುರೋಪಿನಲ್ಲಿ ಅದಕ್ಕೊಂದು ಕಾನೂನಿದೆ. ವಿಮಾನ ರದ್ದಾದರೆ, ಅದಕ್ಕೆ ಹವಾಮಾನವೇ ಕಾರಣವಾಗಿದ್ದರೂ, ಪ್ರಯಾಣಿಕರನ್ನು ಊರು ಮುಟ್ಟಿಸುವ ಹೊಣೆ ಕಂಪನಿಯದು. 2004ರ 261ನೇ ನಿಯಮಾವಳಿ. ಇದನ್ನು ಕೇಳಿದಾಗ ಒಳ್ಳೆಯದೇ ಆಯಿತು ಅಂದುಕೊಂಡು ಮರೆತಿದ್ದೆ.

ಊರಿನಲ್ಲಿ ನನ್ನನ್ನು ಕಾಯುತ್ತಿದ್ದವರು ದೊಡ್ಡಪ್ಪ. ಅಪ್ಪ ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಅಲ್ಲಿಂದ ಮುಂದೆ ನನ್ನ ಫೀಸು, ಹಾಸ್ಟೆಲ್ಲು, ಮೊದಲ ಪಾಸ್‌ಪೋರ್ಟಿನ ಖರ್ಚು ಎಲ್ಲವೂ ಅವರ ಕೊಬ್ಬರಿಯಿಂದಲೇ ಬಂದದ್ದು. ಈ ಕಡೆಯ ಉಂಡೆ ಕೊಬ್ಬರಿ ಅವಸರದ ಬೆಳೆಯಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಡಬೇಕು. ಒಳಗಿನ ನೀರು ತಾನಾಗಿ ಹಿಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಸದ್ದು ಬರಬೇಕು. ಆಮೇಲೆ ಸುಲಿದು ಒಡೆಯುವುದು. ದೊಡ್ಡಪ್ಪ ಕಾಯನ್ನು ಕಿವಿ ಹತ್ತಿರ ಹಿಡಿದು ಒಮ್ಮೆ ಕುಲುಕಿ, "ಇದಕ್ಕಿನ್ನೂ ಒಂದ್ ತಿಂಗ್ಳು ಬೇಕು" ಅಂತ ತಿರುಗಿ ಅಟ್ಟಕ್ಕೇ ಸೇರಿಸುತ್ತಿದ್ದರು. ಆ ತೀರ್ಮಾನದಲ್ಲಿ ಅವರಿಗೆ ಯಾರೂ ಎದುರಾಡುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಅಟ್ಟದ ಕಾಯಿ ಒಣಗಿ ಸಿದ್ಧವಾಗಿತ್ತು, ಬೆಲೆ ಇರಲಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ಹತ್ತು ಸಾವಿರವೂ ಸಿಗುತ್ತಿರಲಿಲ್ಲ. ಡಿಸೆಂಬರ್ 27ರಂದು ಕೇಂದ್ರ ಸಂಪುಟ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು 11,750ರಿಂದ 12,000 ರೂಪಾಯಿಗೆ ಏರಿಸಿತು. ಮಾರನೇ ದಿನ ಮುದ್ದೆ, ಹಿದುಕಿದ ಅವರೆಬೇಳೆ ಸಾರು ಉಣ್ಣುತ್ತಾ ನಾನು ಸುದ್ದಿ ಓದಿ ಹೇಳಿದೆ. ದೊಡ್ಡಪ್ಪ ತುತ್ತು ನಿಲ್ಲಿಸಿ ಕೇಳಿಸಿಕೊಂಡರು. "ಬೆಲೆ ಕಟ್ಟೋರು ಬಂದ್ರು, ಕೊಳ್ಳೋರು ಬರ್ಬೇಕಲ್ಲ. ಬರ್ಲಿ, ಕಾಯಿ ಎಲ್ಲಿಗೋಗ್ತವೆ" ಅಂದರು. ಆ ರಾಗಿ ಹೋದ ವರ್ಷದ್ದು, ಅವರೆ ಮಾತ್ರ ಮನೆ ಹಿಂದಿನ ಪಟದ್ದು ಅಂತ ದೊಡ್ಡವ್ವ ಹೇಳಿದರು. ಅದು ಅವರ ಜೊತೆ ಕೂತು ನಾನು ಉಂಡ ಕೊನೆಯ ಊಟಗಳಲ್ಲೊಂದು.

ಹೊಸ ವರ್ಷದ ಮೊದಲ ದಿನ ನಸುಕಿನಲ್ಲಿ ಎದೆ ಹಿಡಿದುಕೊಂಡರು. ಕಾರು ಅರಸೀಕೆರೆ ತಲುಪುವ ಮುಂಚೆಯೇ ಎಲ್ಲ ಮುಗಿದಿತ್ತು.

ನಮ್ಮಲ್ಲಿ ಸುಡುವುದಿಲ್ಲ. ತೋಟದಲ್ಲಿಯೇ, ಅವರು ನೆಟ್ಟ ಸಾಲಿನ ಕೊನೆಗೆ ಗುಣಿ ತೆಗೆದು, ವಿಭೂತಿ, ಬಿಲ್ವಪತ್ರೆ ಇಟ್ಟು, ಕೂತ ಭಂಗಿಯಲ್ಲಿ ಸಮಾಧಿ ಮಾಡಿದೆವು. ಮಣ್ಣು ಎಳೆಯುವಾಗ ಅದು ಒಂದಾಳು ಆಳದವರೆಗೂ ಒಣಗಿಯೇ ಇದ್ದದ್ದು ಕಂಡಿತು. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಓಣಿಯ ಮೂರ್ನಾಲ್ಕು ಮನೆಗಳಿಂದ ಅನ್ನ, ಸಾರು ಬಂತು. ತಂದವರು ಯಾರೂ ಒಳಗೆ ಬಂದು ಕೂರಲಿಲ್ಲ, ಪಾತ್ರೆ ಇಟ್ಟು ಹೋದರು.

ಶಿವಗಣಾರಾಧನೆ ಹನ್ನೊಂದನೇ ದಿನಕ್ಕೆ ಎಂದಾಯಿತು, ಅಂದರೆ ಜನವರಿ 11. ನನ್ನ ವಾಪಸ್ ಟಿಕೆಟ್ ಇದ್ದದ್ದು ಅದಕ್ಕೂ ಮುಂಚಿನ ಶನಿವಾರ. ಬವೇರಿಯಾದ ಶಾಲೆಗಳಿಗೆ ಕ್ರಿಸ್‌ಮಸ್ ರಜೆ ಜನವರಿ 5ರವರೆಗೆ. 6 ಅಲ್ಲಿ ಹಬ್ಬ. 8ರ ಸೋಮವಾರ ಎಲ್ಲ ಕಚೇರಿಗಳೂ ತೆರೆಯುತ್ತವೆ. ಹೊರನಾಡಿಗೆ ಮರಳಬೇಕಾದ ಕುಟುಂಬಗಳೆಲ್ಲ ಬೆಂಗಳೂರಿನಿಂದ ಹಾರಲು ಹವಣಿಸುವುದು ಆ ದಿನಗಳಲ್ಲೇ. ಟಿಕೆಟ್ಟನ್ನು ನಾನು ಆಗಸ್ಟಿನಲ್ಲೇ ಅಗ್ಗದಲ್ಲಿ ಕೊಂಡಿದ್ದೆ. ತಾರೀಖು ಬದಲಿಸಬಹುದು, ಶುಲ್ಕ ಮತ್ತು ದರದ ವ್ಯತ್ಯಾಸ ಕಟ್ಟಬೇಕು ಎಂದು ಅದರ ಮೇಲೆಯೇ ಬರೆದಿತ್ತು.

ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ತೋಟದ ಬದುವಿನ ಮೇಲೆ ನಿಂತು, ಸಮಾಧಿಯ ಹೊಸ ಮಣ್ಣಿನ ಗುಡ್ಡೆ ಕಣ್ಣಿಗೆ ಬೀಳದ ಹಾಗೆ ಬೆನ್ನು ತಿರುಗಿಸಿಕೊಂಡು ಫೋನು ಹಚ್ಚಿದೆ. ವಿಮಾನ ಕಂಪನಿಯವರು ಟಿಕೆಟ್ ಮಾರಿದ ಏಜೆನ್ಸಿಯನ್ನು ಕೇಳಿ ಅಂದರು. ಏಜೆನ್ಸಿಯವರು ಕಂಪನಿ ಒಪ್ಪಬೇಕು ಅಂದರು. ನಡುವೆ ಎಷ್ಟೋ ಹೊತ್ತು ಸಂಗೀತ. ಸಾವಿನ ಕಾರಣಕ್ಕೆ ಏನಾದರೂ ವಿನಾಯಿತಿ ಇದೆಯೇ ಎಂದು ಕೇಳಿದಾಗ ಒಂದು ಅರ್ಜಿ ಕಳಿಸಿದರು. ಮರಣ ಪ್ರಮಾಣಪತ್ರ ಲಗತ್ತಿಸಬೇಕು. ತೀರಿಕೊಂಡವರು ಅರ್ಜಿದಾರರಿಗೆ ಏನಾಗಬೇಕು ಎಂಬಲ್ಲಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ ಎಂದಷ್ಟೇ ಇತ್ತು. ನನ್ನನ್ನು ಸಾಕಿದವರಿಗೆ ಆ ಪಟ್ಟಿಯಲ್ಲಿ ಜಾಗ ಇರಲಿಲ್ಲ. ಫೋನಿನಲ್ಲಿದ್ದ ಹುಡುಗಿ ಮೆತ್ತಗೆ ಮಾತಾಡಿದಳು, ನಿಜವಾಗಿಯೂ ಮರುಗಿದಳು ಅನ್ನಿಸಿತು. ಆದರೆ ಅವಳ ಕೈಯಲ್ಲಿ ಏನೂ ಇರಲಿಲ್ಲ.

ಅಣ್ಣ, ಅಂದರೆ ದೊಡ್ಡಪ್ಪನ ಮಗ, ಮಾರನೇ ದಿನ ನನ್ನನ್ನು ಬೈಕಿನಲ್ಲಿ ತಿಪಟೂರಿಗೆ ಕರೆದೊಯ್ದ. ಕಾರ್ಯಕ್ಕೆ ದಿನಸಿ ಬರೆಸುವುದೂ ಇತ್ತು. ಬಸ್ ಸ್ಟ್ಯಾಂಡಿನ ಹತ್ತಿರ ರೈಲು, ಬಸ್ಸು, ವಿಮಾನ ಮೂರೂ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ. ಅಲ್ಲಿನ ಹುಡುಗ ಬೇರೆಯವರು ಮಾರಿದ ಟಿಕೆಟ್ಟನ್ನು ಮುಟ್ಟಲು ಬರುವುದಿಲ್ಲ ಎಂದು ಮೊದಲೇ ಹೇಳಿದ. ಆದರೂ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಒಂದೇ ವಿಮಾನ, ಎದುರಿಗೆ ಇಂಗ್ಲಿಷ್ ಅಕ್ಷರಗಳ ಉದ್ದ ಸಾಲು, ಪ್ರತಿ ಅಕ್ಷರದ ಪಕ್ಕ ಒಂದು ಅಂಕಿ.

"ಸೀಟು ಒಂದೇ ಥರದ್ದು ಸಾರ್. ಆದ್ರೆ ಒಂದೊಂದು ಅಕ್ಷರಕ್ಕೆ ಒಂದೊಂದು ರೇಟು. ನಿಮ್ಮದು ಈ ಕೊನೇ ಅಕ್ಷರ. ನೋಡಿ, ಸಂಕ್ರಾಂತಿ ಆಗೋವರೆಗೂ ಸೊನ್ನೆ. ಸೀಟ್ ಖಾಲಿ ಇಲ್ಲ ಅಂತಲ್ಲ, ನಿಮ್ಮ ರೇಟಿಂದು ಇಲ್ಲ."

ಹತ್ತನೇ ತಾರೀಖಿನ ನಸುಕಿಗೆ ನಡುವಿನ ಒಂದು ಅಕ್ಷರದಲ್ಲಿ ಒಂದು ಸೀಟು ಕಾಣುತ್ತಿತ್ತು. ಹನ್ನೆರಡಕ್ಕೆ ಹೋಗುವುದಾದರೆ ಮೇಲಿನ ಅಕ್ಷರವೇ ಗತಿ. ಕಟ್ಟಬೇಕಾದ ವ್ಯತ್ಯಾಸ ನಾನು ಬಂದು ಹೋಗುವ ಎರಡೂ ದಾರಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು. ಅಂಗಡಿಯಲ್ಲಿ ಇನ್ನೊಬ್ಬರು ಕೂತಿದ್ದರು, ಅರಸೀಕೆರೆ ಕಡೆಯ ರೈತರು. ಮಗ ಕೊಲ್ಲಿ ದೇಶದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ, ಕಂಪನಿ ಎರಡು ವರ್ಷಕ್ಕೊಮ್ಮೆ ಟಿಕೆಟ್ ಕೊಡುತ್ತದೆ, ಅವನ ಅಜ್ಜಿ ಹೋದಾಗ ಬರಲಾಗಲಿಲ್ಲ ಎಂದರು. "ಫೋನಲ್ಲೇ ಮುಖ ತೋರ್ಸಿದ್ವಿ. ನೀನಾದ್ರೂ ಬಂದಿದ್ದೀಯಲ್ಲಪ್ಪ." ನನ್ನ ಕಷ್ಟದ ಅಳತೆ ನನಗೆ ತಿಳಿದದ್ದು ಆ ಮಾತಿನಿಂದ.

ಈ ಅಕ್ಷರಗಳ ವ್ಯವಸ್ಥೆ ಎಲ್ಲಿಂದ ಬಂತೆಂದು ಆಮೇಲೆ ಓದಿ ತಿಳಿದೆ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯ ಕೆನ್ ಲಿಟಲ್‌ವುಡ್ ಒಂದು ಸೂತ್ರ ಬರೆದರು: ಇವತ್ತು ಅಗ್ಗಕ್ಕೆ ಕೇಳುವವರಿಗೆ ಸೀಟು ಕೊಡಬೇಕೇ, ಅಥವಾ ಕೊನೆಗೆ ದುಬಾರಿಗೆ ಬರುವವರಿಗೆಂದು ಹಿಡಿದಿಡಬೇಕೇ ಎಂಬ ಲೆಕ್ಕ. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅದನ್ನು ಕಂಪ್ಯೂಟರಿಗೆ ಒಪ್ಪಿಸಿ ದೊಡ್ಡ ಮಟ್ಟಕ್ಕೆ ಒಯ್ದಿತು. ಮುಂಚಿತವಾಗಿ ಕೊಂಡು, ಹಣ ವಾಪಸ್ ಕೇಳದೆ, ಹೇಳಿದ ದಿನವೇ ಹೋಗುವವರಿಗೆ ಭಾರೀ ಅಗ್ಗ. ಕೊನೇ ಗಳಿಗೆಯಲ್ಲಿ ಬರುವವರು ವ್ಯಾಪಾರಸ್ಥರು, ಅವರ ಟಿಕೆಟ್ಟಿನ ಹಣ ಕಂಪನಿ ಕೊಡುತ್ತದೆ, ಎಷ್ಟಾದರೂ ಕೊಟ್ಟಾರು ಎಂಬುದು ಅದರ ಹಿಂದಿನ ನಂಬಿಕೆ. ಆ ಲೆಕ್ಕದಿಂದಲೇ ನನ್ನಂಥವರು ವಿಮಾನ ಹತ್ತುವಂತಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೊನೇ ಗಳಿಗೆಯಲ್ಲಿ ಬರುವವರಲ್ಲಿ ವ್ಯಾಪಾರಿಯ ಪಕ್ಕದಲ್ಲಿಯೇ ಮನೆಯಲ್ಲಿ ಸಾವಾದವರೂ ನಿಂತಿರುತ್ತಾರೆ. ಆ ಸೂತ್ರಕ್ಕೆ ಇಬ್ಬರೂ ಒಂದೇ. 2020ರ ಆಗಸ್ಟಿನಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ತಾರೀಖು ಬದಲಾವಣೆಯ ಶುಲ್ಕವನ್ನೇ ಬಹುಪಾಲು ಟಿಕೆಟ್‌ಗಳಿಂದ ಕೈಬಿಟ್ಟವು. ದರದ ವ್ಯತ್ಯಾಸ ಹಾಗೇ ಉಳಿಯಿತು. ಹಬ್ಬದ ಕಾಲದಲ್ಲಿ ಜೀವ ಹಿಂಡುವುದು ಶುಲ್ಕವಲ್ಲ, ಆ ವ್ಯತ್ಯಾಸ.

ತಿಪಟೂರಿನಿಂದ ಮರಳುವಾಗ ಕಟ್ಟಿಬಿಡುತ್ತೇನೆ ಎಂದು ನಾನು ಅಣ್ಣನಿಗೆ ಹೇಳಿದ್ದೆ. ಅವನು ಉತ್ತರ ಕೊಡಲಿಲ್ಲ. ರಾತ್ರಿ ಜಗುಲಿಯಲ್ಲಿ ಚಿಕ್ಕಪ್ಪ, ಅಯ್ಯನವರು, ಓಣಿಯ ಹಿರಿಯರು ಸೇರಿದ್ದಾಗ ಆ ಮೊತ್ತವನ್ನು ಅವನೇ ಬಾಯಿಬಿಟ್ಟು ಹೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ದುಡ್ಡಿನಲ್ಲಿ ಊರಿಗೆಲ್ಲ ಊಟ ಹಾಕಬಹುದು ಎಂಬುದು ಅಲ್ಲಿದ್ದ ಎಲ್ಲರ ಮನಸ್ಸಿಗೂ ಬಂದಿತ್ತು.

"ಒಂಬತ್ತಕ್ಕೆ ಮಾಡಿದ್ರೆ?" ಅಂದರು ಚಿಕ್ಕಪ್ಪ.

ಅಯ್ಯನವರು ತಕ್ಷಣ ಒಪ್ಪಿದರು. "ಹನ್ನೊಂದು ಆಗ್ಲಿಲ್ಲ ಅಂದ್ರೆ ಒಂಬತ್ತು, ಅದೂ ಆಗ್ಲಿಲ್ಲ ಅಂದ್ರೆ ಏಳು. ಕೊರೋನಾದಾಗ ಮೂರನೇ ದಿನಕ್ಕೇ ಮಾಡ್ಸಿದೀನಿ. ಶ್ರದ್ಧೆಗೇನು ಕಮ್ಮಿ ಆತು?"

ನಾನು ಬೇಡ ಎಂದೆ. ನನ್ನ ಟಿಕೆಟ್ಟಿಗೋಸ್ಕರ ದೊಡ್ಡಪ್ಪನ ದಿನ ಬದಲಿಸುವುದು ಬೇಡ. ಆಗ ಒಳಗಿನಿಂದ ದೊಡ್ಡವ್ವನ ದನಿ ಬಂತು. ಸಮಾಧಿ ಆದಾಗಿನಿಂದ ಅವರು ಮಾತೇ ಆಡಿರಲಿಲ್ಲ. "ಅವ್ರೇನು ತಾರೀಖು ಲೆಕ್ಕ ಹಾಕ್ಕಂಡು ಬದುಕ್ದೋರಾ? ಮಗ ಇರೋ ದಿನ ಮಾಡ್ರಿ." ಅಲ್ಲಿಗೆ ಮಾತು ಮುಗಿಯಿತು.

ಆ ಎರಡು ದಿನ ಹಿಂದೆ ಸರಿಯಲು ಎಷ್ಟೊಂದು ಜನ ತಮ್ಮ ಕೆಲಸ ಅತ್ತಿತ್ತ ಮಾಡಿಕೊಂಡರು! ಕಾರ್ಡು ಅಚ್ಚಿಗೆ ಹೋಗಿತ್ತು, ಪ್ರೆಸ್ಸಿನವರು ಮತ್ತೆ ಅಚ್ಚು ಹಾಕಿದರು, ಕಾಗದದ ಕಾಸು ಮಾತ್ರ ತೆಗೆದುಕೊಂಡರು. ಶಾಮಿಯಾನದವರಿಗೆ ಒಂದು ಫೋನು ಸಾಕಾಯಿತು. ಧನುರ್ಮಾಸವಾದ್ದರಿಂದ ಮದುವೆಗಳಿರಲಿಲ್ಲ, ಅಡುಗೆಯವರು ಯಾವ ದಿನಕ್ಕಾದರೂ ಸೈ ಎಂದರು. ಕಾರ್ಯದ ಖರ್ಚಿಗೆ ಅಣ್ಣ ಅಟ್ಟದ ಕಾಯಿ ಇಳಿಸಿ ಒಡೆಸಿ, ಸಿಕ್ಕ ಬೆಲೆಗೆ ಮಾರಿದ. ಹಳ್ಳಿಯವರು ಸಂಪ್ರದಾಯಕ್ಕೆ ಜೋತುಬಿದ್ದವರು, ಮಿಸುಕಾಡುವುದಿಲ್ಲ ಎಂಬ ಮಾತನ್ನು ನಾನು ಓದಿದ ಪುಸ್ತಕಗಳಲ್ಲೂ ಕಂಡಿದ್ದೇನೆ, ಕೇಳಿದ ಭಾಷಣಗಳಲ್ಲೂ ಕಂಡಿದ್ದೇನೆ. ಮಿಸುಕಾಡಿದ್ದು ಅವರೇ. ಸಾವಿರಾರು ಸೀಟುಗಳನ್ನು ಗಳಿಗೆಗೊಂದು ಬೆಲೆಗೆ ಮಾರಬಲ್ಲ ಯಂತ್ರದಿಂದ ಆಗದ್ದು, ಜಗುಲಿಯ ಮೇಲೆ ಎಲೆಅಡಿಕೆ ತಟ್ಟೆ ಒಂದು ಸುತ್ತು ತಿರುಗುವುದರೊಳಗೆ ಆಯಿತು.

ಅತ್ತೆಗೆ ಮಾತ್ರ ಆಗಲಿಲ್ಲ. ದೊಡ್ಡಪ್ಪನ ತಂಗಿ ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದಾರೆ. ಮಣ್ಣಿಗೆ ಬರಲು ಅವರಿಗೆ ಆಗಿರಲಿಲ್ಲ. ಹನ್ನೊಂದನೇ ದಿನಕ್ಕೆಂದು ಮೊಮ್ಮಗ ಹೇಗೋ ರೈಲಿನಲ್ಲಿ ಎರಡು ಬರ್ತು ಗಿಟ್ಟಿಸಿದ್ದ, ಅರಸೀಕೆರೆಯಲ್ಲಿ ಇಳಿಯುವುದು ಹತ್ತಕ್ಕೆ. ದಿನ ಬದಲಾದ ಮೇಲೆ ಅವನು ಹುಡುಕಿದ ರೈಲುಗಳೆಲ್ಲ ವೇಟಿಂಗ್ ಲಿಸ್ಟು. ಮಂಡಿ ನೋವಿನ ಮುದುಕಿಯನ್ನು ಬಸ್ಸಿನಲ್ಲಿ ಕೂರಿಸಿ ರಾತ್ರಿಯಿಡೀ ಕರೆತರುವಂತಿರಲಿಲ್ಲ. ಅಣ್ಣ ನನಗೆ ಇದನ್ನು ಹೇಳಿದ್ದು ಎಂಟನೇ ದಿನದ ಸಂಜೆ. ಆಗ ಏಜೆನ್ಸಿ ನನ್ನ ಹತ್ತನೇ ತಾರೀಖಿನ ಟಿಕೆಟ್ಟನ್ನು ಬದಲಿಸಿ ಕೊಟ್ಟಾಗಿತ್ತು. ಹಣ ಕಟ್ಟಿಯಾಗಿತ್ತು.

ಒಂಬತ್ತನೇ ದಿನ ಜನ ಚೆನ್ನಾಗಿ ಸೇರಿದರು. ಬರದ ವರ್ಷವಾದರೂ ಪಾಯಸ, ಕೋಸಂಬರಿ, ಮುದ್ದೆ, ಅನ್ನ, ಹುಳಿ ಎಲ್ಲ ಇತ್ತು. ಪಂಕ್ತಿಯ ಮೇಲೆ ಪಂಕ್ತಿ ಎದ್ದವು. ಅಟ್ಟದ ಕಡೆ ನೋಡುತ್ತಾ ಒಬ್ಬ ಹಿರಿಯರು, "ಇನ್ನೊಂದ್ ಸ್ವಲ್ಪ ದಿನ ಇದ್ದಿದ್ರೆ ಬೆಲೆ ನೋಡ್ತಿದ್ದ" ಎಂದರು. ಸಂಜೆ ನಾನು ಕೈ ತೊಳೆದು ಹೊರಟೆ. ದೊಡ್ಡವ್ವ ಒಂದು ಚೀಲದಲ್ಲಿ ಕೊಬ್ಬರಿ ಚಟ್ನಿಪುಡಿ ಕಟ್ಟಿಟ್ಟಿದ್ದರು.

ಬೆಂಗಳೂರಿನ ಎರಡನೇ ಟರ್ಮಿನಲ್‌ನಿಂದ ಹೊರಟದ್ದು ನನಗೆ ಅದೇ ಮೊದಲು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಗೆ ಸ್ಥಳಾಂತರಗೊಂಡಿದ್ದವು. ಬಿದಿರು ಹೊದಿಸಿದ ಕಂಬಗಳು, ಮೇಲಿನಿಂದ ಇಳಿಬಿಟ್ಟ ಗಿಡಬಳ್ಳಿ, ಹರಿಯುವ ನೀರು. ಚೆಂದವಾಗಿತ್ತು, ನೋಡುತ್ತಾ ನಿಂತೆ. ಸಮಾಧಿಯ ಗುಣಿಯಲ್ಲಿ ಕಂಡ ಒಣ ಮಣ್ಣು ಕಣ್ಣ ಮುಂದೆ ಬಂದು, ಮುಂದೆ ನಡೆದುಬಿಟ್ಟೆ. ನನ್ನ ಸಾಲಿನಲ್ಲಿ ಎರಡು ಸೀಟು ಮ್ಯೂನಿಕ್‌ವರೆಗೂ ಖಾಲಿ ಉಳಿದವು.

ಇಳಿದರೆ ಅಲ್ಲಿ ರೈಲು ಮುಷ್ಕರ. ಜನವರಿ 10ರಿಂದ 12ರವರೆಗೆ ಚಾಲಕರ ಸಂಘ ಕರೆ ಕೊಟ್ಟಿತ್ತು. ಆ ದಿನಗಳಿಗೆ ದೂರದ ರೈಲಿನ ಟಿಕೆಟ್ ಕೊಂಡಿದ್ದವರು ಅದೇ ಟಿಕೆಟ್ಟಿನಲ್ಲಿ ಬೇರೆ ದಿನ ಹೋಗಬಹುದೆಂದು ರೈಲ್ವೆಯವರೇ ಸಾರಿದ್ದರು. ಅದೇ ವಾರ ಜರ್ಮನಿಯ ರೈತರು ಕೃಷಿ ಡೀಸೆಲ್ ರಿಯಾಯಿತಿ ಕಡಿತದ ವಿರುದ್ಧ ಟ್ರ್ಯಾಕ್ಟರ್‌ಗಳನ್ನು ರಸ್ತೆಗಿಳಿಸಿದ್ದರು. ಮ್ಯೂನಿಕ್‌ನ ನಡುಪೇಟೆಯಲ್ಲೂ ಟ್ರ್ಯಾಕ್ಟರುಗಳ ಸಾಲು ನಿಂತಿತ್ತಂತೆ. ನಮ್ಮ ಕಡೆ ತೆಂಗು ಬೆಳೆಗಾರರು ಬೆಲೆಗಾಗಿ ಧರಣಿ ಕೂತಿದ್ದ ದಿನಗಳೂ ಅವೇ. ಸಹೋದ್ಯೋಗಿಗಳು ರೈತರಿಂದಾಗಿ ಆಫೀಸು ತಲುಪಲು ತಡವಾದದ್ದನ್ನು ಹೇಳುತ್ತಿದ್ದರು. ನಾನು ಆ ಟ್ರ್ಯಾಕ್ಟರುಗಳ ಫೋಟೊಗಳನ್ನು ಅಣ್ಣನಿಗೆ ಕಳಿಸಿದೆ. "ಅಲ್ಲೂ ಇದೇ ಗೋಳಾ?" ಎಂದು ಬರೆದ.

ಮುಂದಿನ ತಿಂಗಳು ಕೆನಡಾದಿಂದ ಒಂದು ತೀರ್ಪಿನ ಸುದ್ದಿ ಬಂ­ತು. ಅಜ್ಜಿ ತೀರಿಕೊಂಡ ಮೊಮ್ಮಗನೊಬ್ಬ ಏರ್ ಕೆನಡಾದ ಜಾಲತಾಣದಲ್ಲಿ ವಿಚಾರಿಸಿದಾಗ, ಈಗ ಟಿಕೆಟ್ ಕೊಳ್ಳಿ, ಸಾವಿನ ರಿಯಾಯಿತಿಗೆ ಆಮೇಲೂ ಅರ್ಜಿ ಹಾಕಬಹುದು ಎಂದು ಅಲ್ಲಿನ ಚಾಟ್‌ಬಾಟ್ ಹೇಳಿತ್ತು. ಕಂಪನಿ ಆಮೇಲೆ ಒಪ್ಪಲಿಲ್ಲ. ಚಾಟ್‌ಬಾಟ್ ಆಡಿದ ಮಾತಿಗೆ ತಾನು ಹೊಣೆಯಲ್ಲ ಎಂದು ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಸುಮಾರು 812 ಕೆನಡಿಯನ್ ಡಾಲರ್ ಕೊಡುವಂತೆ ಆದೇಶಿಸಿತು. ಮೊತ್ತ ಸಣ್ಣದು. ಆ ಹುಡುಗ ಅದಕ್ಕಾಗಿ ಒಂದು ವರ್ಷದ ಮೇಲೆ ಹೋರಾಡಿದ. ಅವನು ಯಾಕೆ ಬಿಡಲಿಲ್ಲ ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹಿಮ ಬಿದ್ದರೆ, ಮುಷ್ಕರವಾದರೆ, ಯಂತ್ರ ಕೆಟ್ಟರೆ ಟಿಕೆಟ್ಟಿನ ತಾರೀಖು ತಾನಾಗಿ ಸಡಿಲುತ್ತದೆ. ಮನೆಯಲ್ಲಿ ಮನುಷ್ಯ ಸತ್ತರೂ ಸಡಿಲಬೇಕು. ರಜೆಯ ಕಾಲದಲ್ಲಿ ಸೀಟಿಗೆ ಬೇಡಿಕೆ ಹೆಚ್ಚು ಎಂಬುದು ಅದಕ್ಕೆ ಉತ್ತರವಾಗಲಾರದು.

ಅತ್ತೆ ನಾನು ಹೊರಟ ಮಾರನೇ ಬೆಳಿಗ್ಗೆ ಊರು ತಲುಪಿದ್ದರು. ಶಾಮಿಯಾನ ಬಿಚ್ಚುತ್ತಿದ್ದರಂತೆ. ಅಣ್ಣ ಅವರನ್ನು ತೋಟಕ್ಕೆ ಕರೆದೊಯ್ದ, ದೊಡ್ಡವ್ವ ಮತ್ತೆ ಎಡೆಗೆ ಅಡುಗೆ ಮಾಡಿದರು. ನಾನು ಫೋನು ಮಾಡಿದಾಗ ಅತ್ತೆ ನನ್ನ ಆರೋಗ್ಯ, ಅಲ್ಲಿನ ಚಳಿ ವಿಚಾರಿಸಿದರು. ದಿನದ ಮಾತೇ ಎತ್ತಲಿಲ್ಲ. ಇಡುವ ಮುಂಚೆ, "ನೀನೂ ಸಿಕ್ಕಿದ್ರೆ ಅಣ್ಣನ್ ವಿಷ್ಯ ಒಂದಷ್ಟು ಮಾತಾಡ್ಕಂತಿದ್ವಿ" ಎಂದರು. ಈ ಪ್ರಯಾಣದಲ್ಲಿ ನನ್ನನ್ನು ಬಿಡದೆ ಕಾಡುತ್ತಿರುವುದು ಆ ಮಾತು. ನನ್ನ ತಾರೀಖಿಗೆ ಜಾಗ ಮಾಡಿಕೊಡಲು ಊರೆಲ್ಲ ಸರಿಯಿತು, ಆ ಸರಿದಾಟದಲ್ಲಿ ಹೊರಗುಳಿದವರು ಅವರು.

2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25,000 ರೂಪಾಯಿ ದಾಟಿತು. ಆ ದುಡ್ಡಿನಲ್ಲಿ ಅಣ್ಣ ಸಮಾಧಿಯ ಮೇಲೆ ಗದ್ದಿಗೆ ಕಟ್ಟಿಸಬೇಕೆಂದಿದ್ದಾನೆ. ಬರುವ ಜನವರಿಗೆ ಪೂಜೆ. ಮೊನ್ನೆ ಫೋನು ಮಾಡಿ, "ನಿನ್ ಟಿಕೆಟ್ ಯಾವತ್ತೈತೆ ಹೇಳು, ಅದ್ಕೆ ಸರಿಯಾಗಿ ಇಟ್ಕಂತೀವಿ" ಎಂದ. ಮೊದಲು ಅತ್ತೆಗೆ ರೈಲು ಯಾವತ್ತು ಸಿಗುತ್ತದೆ ನೋಡು, ಆಮೇಲೆ ಅಯ್ಯನವರನ್ನು ಕೇಳಿ ದಿನ ಇಡು, ನನ್ನ ಟಿಕೆಟ್ ಕೊನೆಗೆ, ಬದಲಿಸಲು ಬರುವಂಥದ್ದನ್ನೇ ಕೊಳ್ಳುತ್ತೇನೆ ಎಂದೆ. ಅವನು ಅತ್ತೆಯ ಮೊಮ್ಮಗನ ಜೊತೆ ಮಾತಾಡಿದ್ದಾನೆ. ಕಲ್ಲು ಕೆಲಸದವರು ಇನ್ನೂ ಒಪ್ಪಿಕೊಂಡಿಲ್ಲ. ಜನವರಿ ಮೊದಲ ವಾರದ ದರ ಆಗಲೇ ಏರತೊಡಗಿದೆ.